ಮಂಜನ್ನೂ ಒತ್ತಕ್ಷರವನ್ನೂ ತೋರಬಲ್ಲ ಪರದೆ

ಛಾಯಾಗ್ರಹಣ, ಪುಟವಿನ್ಯಾಸ, ವಿಡಿಯೊ ಸಂಕಲನವನ್ನು ವೃತ್ತಿಯಾಗಿ ಹಿಡಿದವರು ಮಾನಿಟರ್ ಕೊಳ್ಳಲು ಹೊರಟರೆ ಅಂಗಡಿಯವರು ಮುಂದಿಡುವ ಮೊದಲ ಅಂಕಿ ಪಿಕ್ಸೆಲ್‌ಗಳದು. ಫುಲ್ ಎಚ್‌ಡಿ ಎಂದರೆ 20 ಲಕ್ಷಕ್ಕೆ ತುಸು ಮೇಲೆ, 4ಕೆ ಎಂದರೆ ಸುಮಾರು 83 ಲಕ್ಷ, 5ಕೆ ಎಂದರೆ 1 ಕೋಟಿ 47 ಲಕ್ಷ. ಅಂಕಿ ಏರಿದಂತೆ ಬೆಲೆ ಏರುತ್ತದೆ, ಬೆಲೆಯ ಜೊತೆಗೆ ಕೆಲಸವೂ ಮೇಲಾದೀತು ಎಂಬ ನಂಬಿಕೆ ಏರುತ್ತದೆ. ಈ ನಂಬಿಕೆಯಲ್ಲಿ ಅರ್ಧ ನಿಜವಿದೆ, ಆ ಅರ್ಧ ಯಾವುದು ಎಂದು ಬಿಡಿಸಿ ನೋಡದೆ ಹಣ ಸುರಿಯುವುದು ನಷ್ಟದ ದಾರಿ. ನನ್ನ ವಾದ ಇಷ್ಟು: ಕನ್ನಡದ ಅಕ್ಷರ ಮತ್ತು ಚಿತ್ರ ಎರಡರ ಜೊತೆಗೂ ದಿನವಿಡೀ ಕೆಲಸ ಮಾಡುವವರಿಗೆ 27 ಇಂಚಿನ 4ಕೆ ಪರದೆ ಶೋಕಿಯಲ್ಲ, ಅಗತ್ಯ. ಆದರೆ ಆ ಗಡಿ ದಾಟಿದ ಮೇಲೆ ಪಿಕ್ಸೆಲ್‌ಗೆ ಕೊಡುವ ಹಣಕ್ಕಿಂತ ಬಣ್ಣದ ಸ್ಥಿರತೆ, ಕಪ್ಪಿನ ಆಳ, ಕೋಣೆಯ ಬೆಳಕು ಇವಕ್ಕೆ ಕೊಟ್ಟ ಹಣ ಎಷ್ಟೋ ಹೆಚ್ಚು ಫಲ ಕೊಡುತ್ತದೆ. ಇದನ್ನು ಒರೆಗೆ ಹಚ್ಚಲು ನೀಲಗಿರಿಯ ಲವ್‌ಡೇಲ್‌ನಂಥ ಜಾಗ ಇನ್ನೊಂದಿಲ್ಲ. ಕೇತಿ ಕಣಿವೆಯಿಂದ ಏರಿ ಬರುವ ಮಂಜು, ಸುತ್ತಲ ಕಾಡಿನ ಹಗಲಲ್ಲೂ ಕರಗದ ನೆರಳು, ತೋಡರ ಕಸೂತಿಯ ಕೆಂಪು ಎಳೆ, ಮೂರೂ ಪರದೆಯ ಮೂರು ಬೇರೆ ಬೇರೆ ದೌರ್ಬಲ್ಯಗಳನ್ನು ಹೊರಗೆಳೆಯುತ್ತವೆ.

ಈ ಬೆಟ್ಟಕ್ಕೂ ಚಿತ್ರಕ್ಕೂ ಹಳೆಯ ನಂಟಿದೆ. ಲವ್‌ಡೇಲ್‌ಗೆ ಸಮೀಪದಲ್ಲೇ, ಊಟಿಯ ಇಂದುನಗರದಲ್ಲಿ, ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಅದು ‘ಇಂದು’ ಹೆಸರಿನ ಕಪ್ಪುಬಿಳುಪು ಫಿಲ್ಮನ್ನೂ ಎಕ್ಸ್‌ರೇ ಫಿಲ್ಮನ್ನೂ ದೇಶಕ್ಕೆಲ್ಲ ಒದಗಿಸಿತು. ಈಗ ಅದು ಮುಚ್ಚಿದೆ. ಆ ಕಾಲದ ಛಾಯಾಗ್ರಾಹಕರಿಗೆ, ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಪೀಳಿಗೆಗೆ, ಒಂದು ಅನುಕೂಲವಿತ್ತು: ಕೈಯಲ್ಲಿ ಹಿಡಿಯಬಹುದಾದ ಅಸಲು ಇತ್ತು. ನೆಗೆಟಿವ್ ಅಥವಾ ಸ್ಲೈಡನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿ ಹಿಡಿದರೆ ಚಿತ್ರ ಹೇಗಿದೆ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತಿತ್ತು. ಪ್ರಿಂಟ್ ಕೆಟ್ಟರೆ ಅಸಲಿನ ಪಕ್ಕದಲ್ಲಿಟ್ಟು ಹೋಲಿಸಬಹುದಿತ್ತು. ಡಿಜಿಟಲ್ ಕಡತಕ್ಕೆ ಹಾಗೆ ಸ್ವಂತದ ರೂಪವಿಲ್ಲ. ಅದು ಸಂಖ್ಯೆಗಳ ಸಾಲು, ರೂಪ ಕೊಡುವುದು ಪರದೆ. ಪರದೆ ಹಳದಿಗೆ ವಾಲಿದ್ದರೆ ಸಂಕಲನಕಾರ ತನಗರಿವಿಲ್ಲದೆ ಚಿತ್ರಕ್ಕೆ ನೀಲಿ ತುಂಬುತ್ತಾನೆ. ಆ ನೀಲಿ ಕಡತದೊಳಗೆ ಸೇರಿ ಮುದ್ರಣಕ್ಕೂ ಫೋನಿಗೂ ಪ್ರದರ್ಶನಕ್ಕೂ ಹೋಗುತ್ತದೆ. ಹಾಗಾಗಿ ಮಾನಿಟರ್ ಆಯ್ಕೆ ಎಂದರೆ ಯಾರ ಸಾಕ್ಷ್ಯವನ್ನು ನಂಬಿ ತೀರ್ಪು ಕೊಡುತ್ತೇವೆ ಎಂಬುದರ ಆಯ್ಕೆ. ಪಿಕ್ಸೆಲ್ ಎಣಿಕೆ ಆ ಸಾಕ್ಷ್ಯದ ಒಂದು ಗುಣ ಮಾತ್ರ.

ಮೊದಲು ಆ ಗುಣವನ್ನೇ ನ್ಯಾಯವಾಗಿ ತೂಗೋಣ. ಒಟ್ಟು ಪಿಕ್ಸೆಲ್ ಎಷ್ಟು ಎನ್ನುವುದಕ್ಕಿಂತ ಒಂದು ಇಂಚಿನೊಳಗೆ ಎಷ್ಟು ಎನ್ನುವುದು ಮುಖ್ಯ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಅದು 92, 27 ಇಂಚಿನ 2560×1440ರಲ್ಲಿ 109, ಅದೇ ಅಳತೆಯ 4ಕೆಯಲ್ಲಿ 163, 5ಕೆಯಲ್ಲಿ 218. ಸಾಮಾನ್ಯ ಆರೋಗ್ಯದ ಕಣ್ಣು ಒಂದು ಡಿಗ್ರಿಯ ಅರುವತ್ತರಲ್ಲಿ ಒಂದು ಪಾಲಿನಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲದು ಎಂಬುದು ಕಣ್ಣಿನ ವೈದ್ಯರು ಬಳಸುವ ಅಳತೆ. ಪರದೆಯಿಂದ 60 ಸೆಂಟಿಮೀಟರ್ ದೂರ ಕೂತವರಿಗೆ ಅದು ಇಂಚಿಗೆ ಸುಮಾರು 145 ಪಿಕ್ಸೆಲ್ ಆಗುತ್ತದೆ. ಅಂದರೆ 92 ಮತ್ತು 109ರ ಪರದೆಗಳು ಕಣ್ಣು ಕಾಣಬಲ್ಲದ್ದನ್ನು ಪೂರ್ತಿ ಕೊಡುವುದಿಲ್ಲ, 163ರದು ಗೆರೆ ದಾಟುತ್ತದೆ. ಇಷ್ಟು ದಟ್ಟ ಪರದೆ ಮಾಡುವ ವಿದ್ಯೆ ಹೊಸದೂ ಅಲ್ಲ. ಐಬಿಎಂ 2001ರಲ್ಲೇ 22 ಇಂಚಿನ ಟಿ220 ಮಾನಿಟರನ್ನು 3840×2400 ಪಿಕ್ಸೆಲ್‌ಗಳೊಡನೆ, ಇಂಚಿಗೆ 204ರ ದಟ್ಟಣೆಯಲ್ಲಿ ತಂದಿತ್ತು. ಅದರ ಬೆಲೆ ಪ್ರಯೋಗಾಲಯಗಳಿಗೂ ಆಸ್ಪತ್ರೆಗಳಿಗೂ ಸಲ್ಲುವಂಥದು, ಸಾಮಾನ್ಯ ಸ್ಟುಡಿಯೊಗಳ ಕೈಗೆಟುಕುವಂಥದಲ್ಲ. ಆ ದಟ್ಟಣೆ ಎಲ್ಲರ ಅಂಗೈಗೆ ಬಂದಿದ್ದು 2010ರ ನಂತರ ಫೋನುಗಳ ಮೂಲಕ, ಮೇಜಿನ ಮೇಲಿನ ಪರದೆ ಇನ್ನೂ ಹಿಂದೆಯೇ ಇದೆ.

ಕನ್ನಡಕ್ಕೆ ಈ ಲೆಕ್ಕ ಇಂಗ್ಲಿಷಿಗಿಂತ ಬಿಗಿ. ಪತ್ರಿಕೆಯೊಂದರ ಒಡಲಿನ ಅಕ್ಷರ 10 ಪಾಯಿಂಟ್ ಎಂದುಕೊಳ್ಳೋಣ. ಅದನ್ನು ಮುದ್ರಣದ ನಿಜ ಅಳತೆಯಲ್ಲಿ 92ರ ಪರದೆಗೆ ತಂದರೆ ಅಕ್ಷರದ ಪೂರ್ತಿ ಎತ್ತರಕ್ಕೆ ಸಿಗುವುದು 13 ಪಿಕ್ಸೆಲ್‌ಗಿಂತ ಕಡಿಮೆ. ಅಷ್ಟರೊಳಗೆ ಮೇಲೆ ತಲೆಕಟ್ಟು ಅಥವಾ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು, ಕೆಲವೊಮ್ಮೆ ಎರಡು ಒತ್ತು ಕೂರಬೇಕು. ‘ರಾಷ್ಟ್ರ’ದ ಕೊನೆಯ ಅಕ್ಷರವನ್ನೋ ‘ಸ್ತ್ರೀ’ಯನ್ನೋ ಆ ಜಾಗದಲ್ಲಿ ಬಿಡಿಸಲು ಹೊರಟರೆ ಮೂಲಾಕ್ಷರಕ್ಕೆ ಆರೇಳು ಪಿಕ್ಸೆಲ್, ಒತ್ತಿಗೆ ನಾಲ್ಕು ದಕ್ಕಿದರೆ ಹೆಚ್ಚು. ಅದಕ್ಕೂ ಸೂಕ್ಷ್ಮವಾದದ್ದು ಮಹಾಪ್ರಾಣದ ಸೀಳು. ದ-ಧ, ಡ-ಢ, ಪ-ಫ, ಬ-ಭ ಇವುಗಳ ನಡುವಿನ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಗೀರು. ಈ ದಟ್ಟಣೆಯಲ್ಲಿ ಅದು ಒಂದೇ ಒಂದು ಪಿಕ್ಸೆಲ್ಲಿನ ಮಸುಕಾದ ಬೂದು ಚುಕ್ಕೆ. ಪ ಮತ್ತು ಷ ನಡುವಿನ ಒಳಗೆರೆಯದೂ ಅದೇ ಗತಿ. ಕರಡು ತಿದ್ದುವವರು ‘ಧನ’ವನ್ನು ‘ದನ’ವೆಂದು ದಾಟಿಹೋಗುವುದು ಅಜಾಗರೂಕತೆಯಿಂದ ಮಾತ್ರವಲ್ಲ, ಪರದೆ ತೋರಿಸದಿದ್ದುದನ್ನು ಕಣ್ಣು ಊಹಿಸಿಕೊಂಡು ಓದುವುದರಿಂದಲೂ ಹೌದು. 163ರ ಪರದೆಯಲ್ಲಿ ಅದೇ 10 ಪಾಯಿಂಟಿಗೆ 22 ಪಿಕ್ಸೆಲ್‌ಗಿಂತ ಹೆಚ್ಚು ಸಿಗುತ್ತದೆ. ಆಗ ಸೀಳಿಗೆ ಸ್ವಂತ ಉದ್ದ ಬರುತ್ತದೆ, ಒತ್ತಕ್ಷರದ ಒಳಗಿನ ಬಿಳಿ ತೆರೆಯುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟುವುದಿಲ್ಲ.

ಇಲ್ಲಿ ತಾಂತ್ರಿಕವಾದ ಇನ್ನೊಂದು ಸಂಗತಿಯಿದೆ, ಇದರ ಚರ್ಚೆ ನಮ್ಮಲ್ಲಿ ನಡೆದದ್ದು ಕಡಿಮೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಕ್ಲಿಯರ್‌ಟೈಪ್ ಕಡಿಮೆ ದಟ್ಟಣೆಯ ಪರದೆಯಲ್ಲೂ ಅಕ್ಷರವನ್ನು ನಯವಾಗಿಸಿತು ಎಂಬುದು ನಿಜ. ಎಲ್‌ಸಿಡಿಯ ಪ್ರತಿ ಪಿಕ್ಸೆಲ್ಲಿನಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕ ನಿಂತಿರುತ್ತವೆ. ಅವನ್ನು ಬಿಡಿಬಿಡಿಯಾಗಿ ಬಳಸಿ ಅಡ್ಡಗಲದಲ್ಲಿ ಮೂರು ಪಟ್ಟು ಸೂಕ್ಷ್ಮತೆಯನ್ನು ಗಿಟ್ಟಿಸುವುದು ಅದರ ಉಪಾಯ. ಆದರೆ ಗಳಿಕೆ ಎಲ್ಲ ಅಡ್ಡಕ್ಕೆ, ಉದ್ದಕ್ಕೆ ಏನೂ ಇಲ್ಲ. ನೇರ ಕಂಬಗಳ ಮೇಲೆ ನಿಂತ ಇಂಗ್ಲಿಷ್ ಅಕ್ಷರಗಳಿಗೆ ಅಡ್ಡಗಲದ ಸೂಕ್ಷ್ಮತೆ ಸಾಕಾಯಿತು. ಕನ್ನಡದ ಅಕ್ಷರ ದುಂಡಗಿನದು, ಅದರ ಇಕ್ಕಟ್ಟೆಲ್ಲ ಮೇಲಿಂದ ಕೆಳಕ್ಕೆ ಪೇರಿಸಿದ ಒತ್ತುಗಳಲ್ಲಿದೆ. ಹಾಗಾಗಿ ಹಳೆಯ ಕ್ಲಿಯರ್‌ಟೈಪ್ ನಮ್ಮ ತೊಂದರೆ ಇರುವ ದಿಕ್ಕಿಗೇ ಮದ್ದು ಹಚ್ಚಲಿಲ್ಲ. ದುಂಡುಗಳ ನೆತ್ತಿಯಲ್ಲೂ ಬುಡದಲ್ಲೂ ಮೆಟ್ಟಿಲು ಮೆಟ್ಟಿಲಾದ ಅಂಚು ಹಾಗೇ ಉಳಿಯಿತು. ನಂತರದ ತಂತ್ರಾಂಶಗಳು ಉದ್ದಕ್ಕೂ ನಯಗೊಳಿಸುವುದನ್ನು ಕಲಿತವು, ಆದರೂ ಇಲ್ಲದ ಪಿಕ್ಸೆಲ್ಲನ್ನು ಯಾವ ನಯವೂ ತಂದುಕೊಡದು. ದಟ್ಟ ಪರದೆಯೊಂದೇ ಎರಡು ದಿಕ್ಕಿಗೂ ಸಮನಾಗಿ ಜಾಗ ಕೊಡುತ್ತದೆ. ಕನ್ನಡ ಪುಟವಿನ್ಯಾಸಕರಿಗೆ 4ಕೆ ಬೇಕು ಎಂದು ನಾನು ಒತ್ತಿ ಹೇಳಲು ಮುಖ್ಯ ಆಧಾರ ಇದು. ಅಳತೆಯ ಅನುಕೂಲವೂ ಜೊತೆಗಿದೆ: 27 ಇಂಚಿನ ಪರದೆಯ ಎತ್ತರ ಸುಮಾರು 33.6 ಸೆಂಟಿಮೀಟರ್, ಅಗಲ ಸುಮಾರು 60. ಎ4 ಅಳತೆಯ ಎರಡು ಎದುರುಬದುರು ಪುಟಗಳು ಅದರಲ್ಲಿ ಕುಗ್ಗದೆ ಹಿಗ್ಗದೆ ನಿಜ ಗಾತ್ರದಲ್ಲಿ ಕೂತು, ಪಕ್ಕದಲ್ಲಿ ಉಪಕರಣಗಳ ಪಟ್ಟಿಗೂ ಜಾಗ ಉಳಿಯುತ್ತದೆ. 24 ಇಂಚಿನಲ್ಲಿ ಒಂದು ಪುಟದ ಎತ್ತರಕ್ಕೇ ಪರದೆ ಮುಗಿದುಹೋಗುತ್ತದೆ.

ಆಕ್ಷೇಪವೊಂದು ತಕ್ಷಣ ಏಳುತ್ತದೆ. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಕಾಲದಿಂದ ಕನ್ನಡದ ಸಾವಿರಾರು ಪುಸ್ತಕಗಳು ಮಂಕು ಪರದೆಗಳ ಮೇಲೆಯೇ ಸಿದ್ಧವಾದವಲ್ಲ, ಅವುಗಳಿಗೇನು ಕುಂದು? ಕುಂದು ಕಡಿಮೆ ಇದ್ದುದು ಪರದೆಯಿಂದಲ್ಲ, ಕಾಗದದಿಂದ. ಆಗ ಪ್ರತಿ ಪುಟದ ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು, ಎರಡು ಮೂರು ಸುತ್ತು ಕರಡು ತಿದ್ದುತ್ತಿದ್ದರು. 600 ಚುಕ್ಕೆಯ ಲೇಸರ್ ಪ್ರಿಂಟರು ಪರದೆ ಅಡಗಿಸಿದ್ದನ್ನು ಬಯಲು ಮಾಡುತ್ತಿತ್ತು. ಈಗ ಆ ಸುತ್ತುಗಳು ಬಹುಮಟ್ಟಿಗೆ ಪರದೆಯ ಮೇಲೆಯೇ ಮುಗಿಯುತ್ತವೆ, ಎಷ್ಟೋ ಬರಹ ಕಾಗದವನ್ನು ಮುಟ್ಟುವುದೇ ಇಲ್ಲ. ಕಾಗದ ಮಾಡುತ್ತಿದ್ದ ಕಾವಲು ಕೆಲಸವನ್ನು ಪರದೆ ವಹಿಸಿಕೊಂಡ ಮೇಲೆ ಅದಕ್ಕೆ ತಕ್ಕ ಕಣ್ಣನ್ನೂ ಕೊಡಬೇಕಲ್ಲವೇ? ಎರಡನೆಯ ಆಕ್ಷೇಪ, ನೋಡುವವರೆಲ್ಲ ಫೋನಿನಲ್ಲಿ ನೋಡುತ್ತಾರೆ, ಮಾಡುವವರಿಗೆ ಇಷ್ಟು ದುಬಾರಿ ಪರದೆ ಯಾಕೆ ಎಂಬುದು. ಇದು ತಿರುಗುಬಾಣವಾಗುವ ವಾದ. ಸಾಧಾರಣ ಫೋನಿನ ದಟ್ಟಣೆಯೇ ಇಂಚಿಗೆ 400ರ ಆಸುಪಾಸಿನಲ್ಲಿದೆ. 92ರ ಪರದೆಯಲ್ಲಿ ಕೂತು ಮಾಡಿದ ಭಿತ್ತಿಪತ್ರದಲ್ಲಿ ಅಕ್ಷರದ ಅಂಚು ಒಡೆದಿದ್ದರೆ, ತಿದ್ದಿದ ಮುಖದಲ್ಲಿ ಬ್ರಷ್ಷಿನ ಗುರುತು ಉಳಿದಿದ್ದರೆ, ಮಾಡಿದವರಿಗೆ ಕಾಣುವುದಿಲ್ಲ, ಓದುಗರಿಗೆ ಕಾಣುತ್ತದೆ. ತಯಾರಕನಿಗಿಂತ ಗ್ರಾಹಕನ ಕಣ್ಣು ಚುರುಕಾಗಿರುವ ಸ್ಥಿತಿ ಯಾವ ಕಸುಬಿಗೂ ಒಳ್ಳೆಯದಲ್ಲ. ಫೋನುಗಳ ಬಣ್ಣ ಒಂದರಂತೆ ಒಂದಿಲ್ಲ ಎನ್ನುವುದೂ ನಿಜವೇ. ಅಂಥ ನೂರು ಬಗೆಯ ಪರದೆಗಳಿಗೆ ಹೋಗುವ ಚಿತ್ರ ಕನಿಷ್ಠ ಒಂದು ಸರಿಯಾದ ಬಿಂದುವಿನಿಂದ ಹೊರಡಬೇಕು.

ಚಿತ್ರದ ಮಾತಿಗೆ ಬಂದರೆ ತೋಡರ ಕಸೂತಿಯನ್ನು ಮುಂದಿಟ್ಟುಕೊಳ್ಳಬಹುದು. 2013ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಲೆಯಲ್ಲಿ ಹೆಂಗಸರು ಒರಟು ಬಿಳಿ ಹತ್ತಿಬಟ್ಟೆಯ ಮೇಲೆ ಮೊದಲು ನಕ್ಷೆ ಬರೆಯದೆ, ಹಾಸುಹೊಕ್ಕಿನ ಎಳೆಗಳನ್ನು ಎಣಿಸಿಕೊಂಡೇ ಕೆಂಪು ಕಪ್ಪು ದಾರ ಕೂರಿಸುತ್ತಾರೆ. ‘ಪುತುಕುಳಿ’ ಹೊದಿಕೆಯನ್ನು ಯಾವ ಮಗ್ಗುಲಿಗೆ ಹೊದ್ದರೂ ಅಂದವಾಗಿ ಕಾಣುವಷ್ಟು ಅಚ್ಚುಕಟ್ಟು ಅದರ ಹೊಲಿಗೆ. ಇಂಥ ಬಟ್ಟೆಯನ್ನು 6000×4000ರ, ಅಂದರೆ 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾದಲ್ಲಿ ಹಿಡಿದಾಗ ನೇಯ್ಗೆಯ ಒಂದೊಂದು ಎಳೆಗೂ ಮೂರು ಪಿಕ್ಸೆಲ್ ಬಿದ್ದಿತೆಂದು ಭಾವಿಸಿ. ಚಿತ್ರದ ಪೂರ್ತಿ ಅಗಲ ಕಾಣುವಂತೆ 1920ರ ಅಗಲಕ್ಕೆ ಕುಗ್ಗಿಸಿದರೆ ಎಳೆಯೊಂದಕ್ಕೆ ಒಂದು ಪಿಕ್ಸೆಲ್ಲೂ ಉಳಿಯದು. ಆಗ ಪರದೆಯ ಜಾಲರಿ ಮತ್ತು ನೇಯ್ಗೆಯ ಜಾಲರಿ ಒಂದರ ಮೇಲೊಂದು ಬಿದ್ದು ಬಟ್ಟೆಯ ಮೇಲೆ ಇಲ್ಲದ ಅಲೆಗಳು ಎದ್ದು ಕಾಣುತ್ತವೆ. ಅದು ಕ್ಯಾಮೆರಾದ ದೋಷವೆಂದು ತಿಳಿದು ಮಸುಕು ಮಾಡಲು ಹೊರಟರೆ ಕಸೂತಿಯ ಜೀವವೇ ಹೋಯಿತು. 3840ರ ಅಗಲದಲ್ಲಿ ಎಳೆಗೆ ಹತ್ತಿರಹತ್ತಿರ ಎರಡು ಪಿಕ್ಸೆಲ್ ಸಿಗುವುದರಿಂದ ಅಲೆ ಬಹುಮಟ್ಟಿಗೆ ಅಡಗುತ್ತದೆ. ಚಿತ್ರವನ್ನು ಕುಗ್ಗಿಸದೆ ಪರೀಕ್ಷಿಸುವಾಗಲೂ ಫುಲ್ ಎಚ್‌ಡಿ ಪರದೆ ಅದರ ಹನ್ನೆರಡರಲ್ಲಿ ಒಂದು ಪಾಲನ್ನು ಮಾತ್ರ ಒಮ್ಮೆಗೆ ತೋರಿಸಿದರೆ, 4ಕೆ ಮೂರರಲ್ಲಿ ಒಂದು ಪಾಲು ತೋರಿಸುತ್ತದೆ. ಇಲ್ಲಿಯವರೆಗೆ ಪಿಕ್ಸೆಲ್ಲಿನ ಪಕ್ಷವೇ ಗೆದ್ದಿದೆ. ಆದರೆ ಅದೇ ಕೆಂಪು ದಾರದ ಬಣ್ಣಕ್ಕೆ ಬಂದ ಕೂಡಲೇ ವಾದ ತಿರುಗುತ್ತದೆ. ಗಾಢ ಕೆಂಪು ಎಸ್‌ಆರ್‌ಜಿಬಿ ಎಂಬ ರೂಢಿಯ ಬಣ್ಣವ್ಯಾಪ್ತಿಯ ಅಂಚಿಗೆ ತಾಗಿದಾಗ ಕೆಂಪಿನ ಮಟ್ಟ ತುಂಬಿ, ದಾರದ ಎಳೆ ಎಳೆ ಅಳಿದು ಬಣ್ಣ ಬಳಿದ ತೇಪೆಯಂತೆ ಚಪ್ಪಟೆಯಾಗುತ್ತದೆ. ಅದಕ್ಕಿಂತ ಅಗಲವಾದ ಡಿಸಿಐ-ಪಿ3 ವ್ಯಾಪ್ತಿಯ ಪರದೆ 4ಕೆ ಅಲ್ಲದಿದ್ದರೂ ಆ ಎಳೆಗಳನ್ನು ತೋರಿಸೀತು, ಎಸ್‌ಆರ್‌ಜಿಬಿಗೆ ಮುಗಿಯುವ ಪರದೆ 5ಕೆ ಆದರೂ ತೋರಿಸಲಾರದು.

ಮಂಜಿನಲ್ಲಿ ಈ ತಿರುವು ಪೂರ್ತಿಯಾಗುತ್ತದೆ. ಲವ್‌ಡೇಲ್ ರೈಲು ನಿಲ್ದಾಣದ ಸುತ್ತಿನ ನೀಲಗಿರಿ ಮರಗಳ ಹಿಂದೆ ಮಂಜು ಕವಿದ ಚಿತ್ರದಲ್ಲಿ ವಿವರವೇ ಇಲ್ಲ, ಇರುವುದೆಲ್ಲ ಬೂದಿನಿಂದ ಬಿಳುಪಿಗೆ ಜಾರುವ ಮೆಟ್ಟಿಲು. 8 ಬಿಟ್ಟಿನ ಪರದೆಗೆ ಪ್ರತಿ ಬಣ್ಣದಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು. ಮಂಜು ಇಡೀ ಹರವನ್ನು ಬಳಸುವುದಿಲ್ಲ, 180ರಿಂದ 220ರವರೆಗಿನ 40 ಮೆಟ್ಟಿಲುಗಳೊಳಗೆ ಚಿತ್ರದ ಎಡದಿಂದ ಬಲಕ್ಕೆ ಹರಡಿತು ಎನ್ನೋಣ. 27 ಇಂಚಿನ ಪರದೆಯ 60 ಸೆಂಟಿಮೀಟರ್ ಅಗಲವನ್ನು 40ರಿಂದ ಭಾಗಿಸಿದರೆ ಪ್ರತಿ ಮೆಟ್ಟಿಲು ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿ. ಇಲ್ಲಿ ಗಮನಿಸಬೇಕಾದದ್ದು, ಈ ಲೆಕ್ಕದೊಳಗೆ ಪಿಕ್ಸೆಲ್ಲಿನ ಸಂಖ್ಯೆ ಬರುವುದೇ ಇಲ್ಲ. 4ಕೆ ಇರಲಿ, 5ಕೆ ಇರಲಿ, ಪಟ್ಟಿಯ ಅಗಲ ಅಷ್ಟೇ. ರೆಸಲ್ಯೂಶನ್ ಹೆಚ್ಚಿದಷ್ಟೂ ಪಟ್ಟಿಯ ಅಂಚು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಪಟ್ಟಿ ಕರಗಬೇಕಾದರೆ ಮೆಟ್ಟಿಲುಗಳು ಹೆಚ್ಚಬೇಕು. 10 ಬಿಟ್ಟಿನಲ್ಲಿ ಅವು 1024. ಅಗ್ಗದ ಪರದೆಗಳಲ್ಲಿ 6 ಬಿಟ್ಟಿನ ಫಲಕಕ್ಕೆ ಮಿನುಗಿಸುವ ಉಪಾಯ ಸೇರಿಸಿ 8 ಎಂದು ಕರೆಯುವುದೂ ಉಂಟು, ಅವುಗಳ ಮೇಲೆ ಮಂಜಿನ ಚಿತ್ರ ತಿದ್ದುವುದು ಕಣ್ಣುಕಟ್ಟಿ ಕೆಲಸ ಮಾಡಿದಂತೆ. ಕ್ಯಾಮೆರಾದ ಸಹಜ ಕಾಳು, ಅಂದರೆ ನಾಯ್ಸ್, ಪಟ್ಟಿಗಳನ್ನು ಸ್ವಲ್ಪ ಮರೆಮಾಡುತ್ತದೆ ಎಂಬ ಮಾತು ಸರಿ. ಆದರೆ ಈಗಿನ ತಂತ್ರಾಂಶಗಳಲ್ಲಿ ಕಾಳನ್ನು ಒರೆಸಿಹಾಕುವ ರೂಢಿ ಬೆಳೆದಂತೆ ಆ ರಕ್ಷಣೆಯೂ ಹೋಗುತ್ತಿದೆ. ಮೆಟ್ಟಿಲು ಇನ್ನೊಂದು ಕಡೆಯೂ ಸೋರುತ್ತದೆ. ಬಣ್ಣ ಸರಿಪಡಿಸುವ ತಿದ್ದುಪಡಿಯನ್ನು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನಲ್ಲಿ ಮಾಡಿದರೆ ಇರುವ 256ರಲ್ಲೇ ಕೆಲವು ಮಟ್ಟಗಳು ನಷ್ಟವಾಗುತ್ತವೆ, ಮಾನಿಟರಿನ ಒಳಗಿನ ಕೋಷ್ಟಕದಲ್ಲೇ ತಿದ್ದುವ ವ್ಯವಸ್ಥೆಯಿದ್ದರೆ ನಷ್ಟವಿಲ್ಲ. ಹಾರ್ಡ್‌ವೇರ್ ಕ್ಯಾಲಿಬ್ರೇಶನ್ ಎಂಬ ಈ ಸೌಲಭ್ಯಕ್ಕೆ ಜಾಹೀರಾತಿನಲ್ಲಿ ಸಣ್ಣ ಅಕ್ಷರ, ನನ್ನ ತೂಕದಲ್ಲಿ 4ಕೆಯಿಂದ 5ಕೆಗೆ ಏರುವುದಕ್ಕಿಂತ ದೊಡ್ಡ ಲಾಭ.

ಮಸಿನಗುಡಿಯ ಕಾಡುಗಳ ಕಡೆ ಇಳಿದರೆ ಪರೀಕ್ಷೆ ಕತ್ತಲಿನದು. ಈ ಕಾಡುಗಳು ಚಲನಚಿತ್ರಕ್ಕೆ ಹೊಸವಲ್ಲ. ಊಟಿಯಲ್ಲಿ ಬೆಳೆದ ಕಾರ್ತಿಕಿ ಗೊನ್ಸಾಲ್ವಿಸ್ ತೆಪ್ಪಕಾಡಿನ ಆನೆ ಶಿಬಿರದ ಬೊಮ್ಮನ್-ಬೆಳ್ಳಿ ದಂಪತಿಯ ಬಗ್ಗೆ ಮಾಡಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಆಸ್ಕರ್ ಪಡೆಯಿತು. ಗಡಿಯಾಚೆ, ಕರ್ನಾಟಕದಲ್ಲಿ, ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ 2019ರಲ್ಲಿ ತಂದ ‘ವೈಲ್ಡ್ ಕರ್ನಾಟಕ’ 4ಕೆಯಲ್ಲೇ ಚಿತ್ರಿತವಾಯಿತು. ಇಂಥ ದೃಶ್ಯಗಳಲ್ಲಿ ಆನೆಯ ಕಣ್ಣಿನ ಮೇಲೆ ಫೋಕಸ್ ಕೂತಿದೆಯೇ ಎಂದು ನೋಡಲು 4ಕೆ ಪರದೆಯೇ ಬೇಕು, ಫುಲ್ ಎಚ್‌ಡಿ ಪರದೆ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಹಿಂಡಿ ತಪ್ಪನ್ನು ಮುಚ್ಚಿಡುತ್ತದೆ. ಆದರೆ ಬಿದಿರಿನ ಮೆಳೆಯೊಳಗೆ ನಿಂತ ಕಪ್ಪು ಮೈಯ ಸುಕ್ಕುಗಳು ಉಳಿದಿವೆಯೇ, ನೆರಳಿನಲ್ಲಿ ನುಂಗಿಹೋದವೇ ಎಂಬುದಕ್ಕೆ ಉತ್ತರ ಕಾಂಟ್ರಾಸ್ಟಿನದು, ಅಂದರೆ ಬಿಳಿಯ ಬೆಳಕಿಗೂ ಕಪ್ಪಿನ ಬೆಳಕಿಗೂ ಇರುವ ಅನುಪಾತದ್ದು. ಎಲ್‌ಸಿಡಿಯ ಸಾಮಾನ್ಯ ಐಪಿಎಸ್ ಫಲಕದ್ದು ಸುಮಾರು 1000:1. ಬಿಳಿಯನ್ನು 120 ಕ್ಯಾಂಡೆಲಾಕ್ಕೆ ನಿಲ್ಲಿಸಿದರೆ ಅದರ ‘ಕಪ್ಪು’ 0.12ರಷ್ಟು ಬೆಳಗುತ್ತಲೇ ಇರುತ್ತದೆ, ಮೂಲೆಗಳಲ್ಲಿ ಇನ್ನೂ ಹೆಚ್ಚು. ಕಾಗದದ ಮೇಲೆ ಮುದ್ರಿಸುವ ಕೆಲಸಕ್ಕೆ ಇದು ಧಾರಾಳ, ಮಸಿ ಮುದ್ರಿಸಿದ ಕಾಗದಕ್ಕೇ ಅಷ್ಟು ಹರವಿಲ್ಲ. ಕಾಡಿನ ಚಿತ್ರದ ಬಣ್ಣ ಹೊಂದಿಸಲು ಮಾತ್ರ ಸಾಲದು. ಡೆಲ್ 2022ರಲ್ಲಿ ಯು2723ಕ್ಯುಇ ಮಾದರಿಯಲ್ಲಿ ತಂದ ‘ಐಪಿಎಸ್ ಬ್ಲ್ಯಾಕ್’ ಫಲಕ ಇದನ್ನು 2000:1ಕ್ಕೆ ಏರಿಸಿತು. ಓಎಲ್‌ಇಡಿಯಲ್ಲಿ ಕಪ್ಪು ನಿಜವಾಗಿಯೂ ಕಪ್ಪು. ಅದನ್ನೇ ಎಲ್ಲರೂ ಕೊಳ್ಳಬಾರದೇಕೆ ಎಂದರೆ, ದಿನವಿಡೀ ಒಂದೇ ಜಾಗದಲ್ಲಿ ನಿಲ್ಲುವ ಮೆನು ಮತ್ತು ಉಪಕರಣ ಪಟ್ಟಿಗಳ ಗುರುತು ಕಾಲಕ್ರಮೇಣ ಅದರ ಮೇಲೆ ಅಚ್ಚೊತ್ತುವ ಭಯವಿದೆ. ಹಲವು ಓಎಲ್‌ಇಡಿ ಮಾನಿಟರುಗಳಲ್ಲಿ ಬಣ್ಣದ ಚುಕ್ಕೆಗಳು ರೂಢಿಯ ಸಾಲಿನಲ್ಲಿ ಇಲ್ಲದಿರುವುದರಿಂದ ಅಕ್ಷರದ ಅಂಚಿಗೆ ಬಣ್ಣದ ಕುಚ್ಚು ಹತ್ತುತ್ತದೆ, ಅದರ ಪೆಟ್ಟು ಒತ್ತಕ್ಷರಕ್ಕೇ ಮೊದಲು ತಾಗುತ್ತದೆ. ವಿಡಿಯೊ ಮಾತ್ರ ಮಾಡುವವರು ಅದನ್ನು ಆರಿಸಬಹುದು, ಪುಟವನ್ನೂ ಮಾಡುವವರಿಗೆ ನಾನು ಹೇಳಲಾರೆ.

ಇನ್ನು 5ಕೆ ಪಕ್ಷದ ವಾದ. ಅದು ಹಗುರವಾದದ್ದಲ್ಲ. ಗೆರೆಯೊಂದು ತುಸು ಜರುಗಿದ್ದನ್ನು ಕಣ್ಣು ತನ್ನ ಸಾಮಾನ್ಯ ಮಿತಿಗಿಂತ ಸೂಕ್ಷ್ಮವಾಗಿ ಹಿಡಿಯಬಲ್ಲದು, ಆದ್ದರಿಂದ 145ರ ಲೆಕ್ಕ ಕೊನೆಯ ಮಾತಲ್ಲ. ಜೊತೆಗೆ ಆಪಲ್‌ನ ಮ್ಯಾಕ್ 27 ಇಂಚಿನ 4ಕೆಯಲ್ಲಿ ಹಿತವಾದ ಅಳತೆಯ ಅಕ್ಷರ ತೋರಿಸಲು ಚಿತ್ರವನ್ನು ಮೊದಲು 5120×2880ರಲ್ಲಿ ಬಿಡಿಸಿ ಆಮೇಲೆ ಕುಗ್ಗಿಸುತ್ತದೆ, ಆ ಕುಗ್ಗಿಸುವಿಕೆಯಲ್ಲಿ ಒಂದಿಷ್ಟು ಚೂಪು ಕಳೆದುಹೋಗುತ್ತದೆ. 2022ರ ಸ್ಟುಡಿಯೊ ಡಿಸ್‌ಪ್ಲೇಯಂಥ 5ಕೆಯಲ್ಲಿ ಪಿಕ್ಸೆಲ್‌ಗೆ ಪಿಕ್ಸೆಲ್ ಕೂರುತ್ತದೆ. ಮ್ಯಾಕ್‌ನಲ್ಲಿ ಕನ್ನಡದ ಅಚ್ಚುಮೊಳೆಗಳನ್ನೇ ವಿನ್ಯಾಸ ಮಾಡುವವರು, ಬಾಗಿನ ಮೇಲೆ ಬಾಗು ತಿದ್ದುವವರು, ಈ ವ್ಯತ್ಯಾಸಕ್ಕೆ ಹಣ ಕೊಟ್ಟರೆ ತಪ್ಪಿಲ್ಲ. ಉಳಿದವರಿಗೆ ಗಳಿಕೆ ಸಣ್ಣದು, ಬೆಲೆ ದೊಡ್ಡದು. ಇದಕ್ಕೆ ಬಣ್ಣದ ಕಸುಬಿನಿಂದಲೇ ಬಲವಾದ ಸಾಕ್ಷಿಯಿದೆ. ಜಪಾನಿನ ಐಜೊ ಕಂಪನಿಯ ಕಲರ್‌ಎಡ್ಜ್ ಸಿಜಿ279ಎಕ್ಸ್ ಮಾನಿಟರಿನ ರೆಸಲ್ಯೂಶನ್ 2560×1440 ಮಾತ್ರ, ಇಂಚಿಗೆ 109. ಸಾಮಾನ್ಯ 4ಕೆ ಮಾನಿಟರುಗಳಿಗಿಂತ ಅದರ ಬೆಲೆ ಎಷ್ಟೋ ಪಟ್ಟು ಹೆಚ್ಚು. ಕೊಳ್ಳುವವರು ಹಣ ಕೊಡುವುದು ಮೂಲೆಯಿಂದ ಮೂಲೆಗೆ ಒಂದೇ ಬಣ್ಣ ನಿಲ್ಲುವುದಕ್ಕೆ, ತನ್ನನ್ನು ತಾನೇ ಅಳೆದುಕೊಳ್ಳುವ ಒಳಗಿನ ಸಂವೇದಕಕ್ಕೆ. ಮುದ್ರಣದ ಬಣ್ಣಕ್ಕೆ ಜವಾಬ್ದಾರರಾದವರು ಕಡಿಮೆ ಪಿಕ್ಸೆಲ್ಲಿಗೆ ಹೆಚ್ಚು ಬೆಲೆ ತೆತ್ತಿದ್ದಾರೆಂದರೆ ಯಾವುದು ಮೊದಲು ಎಂಬುದನ್ನು ಅವರ ಜೇಬೇ ಹೇಳಿದೆ. ಆ ಪರದೆಯನ್ನು ಕನ್ನಡದ ಪುಟಕ್ಕೆ ನಾನು ಸೂಚಿಸುವುದಿಲ್ಲ, ಒತ್ತಕ್ಷರಕ್ಕೆ 109 ಸಾಲದು. ಬೆಂಕ್ಯೂನ ಎಸ್‌ಡಬ್ಲ್ಯು272ಯು ರೀತಿಯ ಮಾದರಿಗಳಲ್ಲಿ 4ಕೆ, ಅಡೋಬಿ ಆರ್‌ಜಿಬಿ ಬಣ್ಣವ್ಯಾಪ್ತಿಯ ಶೇ 99, ಹಾರ್ಡ್‌ವೇರ್ ಕ್ಯಾಲಿಬ್ರೇಶನ್ ಮೂರೂ ಒಟ್ಟಿಗೆ ಇವೆ, ಫೋಟೊ ಮುದ್ರಣ ಮುಖ್ಯವಾದವರಿಗೆ ಅದು ಹೊಂದುತ್ತದೆ. ಬರಹ ಮತ್ತು ವಿಡಿಯೊ ಬೆರೆಸಿ ಮಾಡುವವರಿಗೆ ಡೆಲ್ಲಿನ ಮೇಲೆ ಹೇಳಿದ ಮಾದರಿ. ಬಜೆಟ್ ಬಿಗಿಯಿದ್ದರೆ ಆಸುಸ್ ಪ್ರೊಆರ್ಟ್ ಪಿಎ279ಸಿವಿ. ಅದು ಎಸ್‌ಆರ್‌ಜಿಬಿಯನ್ನು ಪೂರ್ತಿ ತುಂಬುವ 4ಕೆ, ಅದರಾಚೆಯ ಕೆಂಪನ್ನು ಅದರಿಂದ ಬಯಸಬಾರದು.

ಯಾವುದನ್ನು ಕೊಂಡರೂ ಪೆಟ್ಟಿಗೆಯ ಮೇಲಿನ ‘ಕಾರ್ಖಾನೆಯಲ್ಲೇ ಸರಿಪಡಿಸಿದ್ದು’ ಎಂಬ ಮಾತನ್ನು ಮೊದಲ ಕೆಲವು ತಿಂಗಳ ಮಟ್ಟಿಗೆ ಮಾತ್ರ ನಂಬಬೇಕು. ಹಿಂಬೆಳಕು ಹಳೆಯದಾದಂತೆ ಬಿಳಿಯ ಬಣ್ಣ ಬದಲಾಗುತ್ತದೆ. ಅಳೆಯುವ ಸಾಧನಕ್ಕೆ, ಕ್ಯಾಲಿಬ್ರೈಟ್ ಅಥವಾ ಸ್ಪೈಡರ್ ಯಾವುದೇ ಇರಲಿ, ಮಾನಿಟರಿನ ಬೆಲೆಯ ಒಂದು ಪಾಲು ಸಾಕು. ಲವ್‌ಡೇಲ್‌ನಂಥ ಊರಿನಲ್ಲಿ ಅದರ ಬಳಕೆಗೆ ಒಂದು ಎಚ್ಚರಿಕೆ ಸೇರಿಸಬೇಕು. ಡಿಸೆಂಬರ್-ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಬೆಳಗುಗಳಲ್ಲಿ ತಣ್ಣಗಿರುವ ಪರದೆಯನ್ನು ಹಚ್ಚಿದ ಕೂಡಲೇ ಅಳೆದರೆ ಅಳತೆ ತಪ್ಪುತ್ತದೆ, ಕನಿಷ್ಠ ಅರ್ಧ ಗಂಟೆ ಬೆಚ್ಚಗಾಗಲು ಬಿಡಬೇಕು. ಕೋಣೆಯದು ಇನ್ನೂ ದೊಡ್ಡ ಪ್ರಶ್ನೆ. ಬಿಸಿಲು ಹೊಡೆಯುತ್ತಿದ್ದ ಕಿಟಕಿ ಹತ್ತೇ ನಿಮಿಷದಲ್ಲಿ ಮಂಜಿನ ನೀಲಿ ಬೂದಿಗೆ ತಿರುಗುವ ಊರು ಇದು. ಕಿಟಕಿ ಚಹಾತೋಟಕ್ಕೆ ತೆರೆದಿದ್ದರೆ ಒಳಗೆ ಬರುವ ಬೆಳಕಿಗೂ ಹಸಿರು ಹತ್ತಿರುತ್ತದೆ. ಕಣ್ಣು ಸುತ್ತಲಿನ ಬೆಳಕಿಗೆ ತನ್ನ ಬಿಳಿಯನ್ನು ಹೊಂದಿಸಿಕೊಳ್ಳುವುದರಿಂದ ಒಂದೇ ಚಿತ್ರ ಹನ್ನೊಂದು ಗಂಟೆಗೆ ಒಂದು ಥರ, ಹನ್ನೊಂದೂವರೆಗೆ ಇನ್ನೊಂದು ಥರ ಕಾಣುತ್ತದೆ. ದಪ್ಪ ಪರದೆಬಟ್ಟೆ, ಪರದೆಯ ಹಿಂದಿನ ಗೋಡೆಗೆ ಬಣ್ಣವಿಲ್ಲದ ಬೂದು, 5000 ಕೆಲ್ವಿನ್ನಿನ ಒಂದು ಮಂದ ದೀಪ, ಮಾನಿಟರಿನ ಬೆಳಕು ಮುದ್ರಣಕ್ಕಾದರೆ 80ರಿಂದ 120 ಕ್ಯಾಂಡೆಲಾ. ಇವೆಲ್ಲಕ್ಕೂ ಸೇರಿ ಆಗುವ ಖರ್ಚು 4ಕೆಗೂ 5ಕೆಗೂ ನಡುವಿನ ಬೆಲೆಯ ಅಂತರಕ್ಕಿಂತ ಬಹಳ ಕಡಿಮೆ. ಸುಂದರ ನೋಟವಿರುವ ಊರಿನಲ್ಲಿ ಕಿಟಕಿ ಮುಚ್ಚಿ ಕೂರುವುದು ಯಾರಿಗೂ ಇಷ್ಟವಾಗದು. ಆದರೂ ಬಣ್ಣ ತೀರ್ಮಾನಿಸುವ ಹೊತ್ತಿನಲ್ಲಿ ಅದು ಮುಚ್ಚಿರಲೇಬೇಕು.

ಕೇಬಲ್ಲಿನ ವಿಷಯ ಚಿಕ್ಕದು, ಆದರೆ ಅದರಿಂದ ಕೈಸುಟ್ಟುಕೊಳ್ಳುವವರು ಕಡಿಮೆಯಿಲ್ಲ. ಹಳೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಕಿಂಡಿ 4ಕೆಯನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳಿಸುತ್ತದೆ, ಮೌಸಿನ ಬಾಣವೇ ಎಡವುತ್ತ ಓಡುತ್ತದೆ. 60ಕ್ಕೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು, ಮಾನಿಟರಿಗೆ ಮುಂಗಡ ಕೊಡುವ ಮೊದಲು ಕಂಪ್ಯೂಟರಿನ ಕಿಂಡಿ ನೋಡಿಕೊಳ್ಳಬೇಕು. ಬೆಟ್ಟದ ಮೇಲೆ ಕೊಳ್ಳುವವರಿಗೆ ಇನ್ನೊಂದು ಲೆಕ್ಕವಿದೆ. ಕೊಯಮತ್ತೂರಿನಿಂದ ಮೆಟ್ಟುಪಾಳ್ಯದ ಮೇಲೆ ಬಂದರೂ, ಮೈಸೂರಿನಿಂದ ಬಂಡೀಪುರ ದಾಟಿ ಬಂದರೂ ಪೆಟ್ಟಿಗೆ ಘಾಟಿಯ ತಿರುವುಗಳನ್ನೆಲ್ಲ ಹತ್ತಿಯೇ ಬರಬೇಕು, ವಾಪಸು ಹೋಗಬೇಕಾದರೆ ಅಷ್ಟೂ ಇಳಿಯಬೇಕು. ವಾಪಸು ತೆಗೆದುಕೊಳ್ಳುವ ಗಡುವು ಕೆಲವೇ ದಿನಗಳದ್ದಾದ್ದರಿಂದ ಬಂದ ದಿನವೇ ಕತ್ತಲ ಕೋಣೆಯಲ್ಲಿ ಪರದೆ ತುಂಬ ಒಂದೇ ಬೂದು ಬಣ್ಣ ಹರಡಿ ಮೂಲೆಗಳು ಹಳದಿಗೋ ಗುಲಾಬಿಗೋ ತಿರುಗಿವೆಯೇ ಎಂದು ನೋಡಬೇಕು. ಆಮೇಲೆ ಪೂರ್ತಿ ಕಪ್ಪು, ಮಂಜಿನ ಒಂದು ಚಿತ್ರ, 10 ಪಾಯಿಂಟಿನ ಒಂದು ಪುಟ ಕನ್ನಡ. ಸತ್ತ ಪಿಕ್ಸೆಲ್ ಒಂದೆರಡು ಇದ್ದರೆ ಹೆಚ್ಚಿನ ಕಂಪನಿಗಳು ಬದಲಿಸಿಕೊಡುವುದಿಲ್ಲ, ಎಷ್ಟಕ್ಕೆ ಬದಲಿಸುತ್ತಾರೆ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆದಿಟ್ಟುಕೊಳ್ಳಬೇಕು. ಥರ್ಮೋಕೋಲನ್ನೂ ರಟ್ಟಿನ ಪೆಟ್ಟಿಗೆಯನ್ನೂ ಖಾತರಿ ಮುಗಿಯುವವರೆಗೆ ಒಣ ಜಾಗದಲ್ಲಿಟ್ಟು ಕಾಯಬೇಕು, ಏಕೆಂದರೆ ಮೂಲ ಪೆಟ್ಟಿಗೆಯಿಲ್ಲದೆ ಘಾಟಿ ಇಳಿದ 27 ಇಂಚಿನ ಗಾಜು ಸರ್ವಿಸ್ ಸೆಂಟರನ್ನು ಇಡಿಯಾಗಿ ತಲುಪುವ ಭರವಸೆಯಿಲ್ಲ.